ಓಬವ್ವ ನೀರಿಗೆ ಹೋಗಿದ್ದಳು

ಮಕ್ಕಳನ್ನು ಕಟ್ಟಿಕೊಂಡು ಕೋಟೆ, ಗುಡಿ, ಗುಮ್ಮಟ ಅಂತ ಸುತ್ತುವ ಎಲ್ಲರಿಗೂ ಒಂದು ಅನುಮಾನ ಇದ್ದೇ ಇರುತ್ತದೆ. ಇಷ್ಟು ದೂರ ಬಂದು, ಬಿಸಿಲಲ್ಲಿ ಬೆಂದು, ಗೈಡ್‌ಗೆ ದುಡ್ಡು ಕೊಟ್ಟು ತೋರಿಸುತ್ತಿದ್ದೇವಲ್ಲ, ಇವರ ತಲೆಗೆ ಏನಾದರೂ ಹೋಗುತ್ತಿದೆಯಾ? ವಿಜಯಪುರಕ್ಕೆ ಹೋಗಿ ಬಂದ ಮೇಲೆ ಶಾಲೆಯಲ್ಲಿ ಪ್ರಬಂಧ ಬರೆಯಲು ಹೇಳಿದ್ದರು. ಗೋಳಗುಮ್ಮಟದ ಬಗ್ಗೆ ಮಗಳು ಬರೆದದ್ದು ಇಷ್ಟೇ: ಅಲ್ಲಿ ಕೂಗಿದರೆ ಏಳು ಸಲ ಕೇಳುತ್ತದೆ, ಆದರೆ ಎಲ್ಲರೂ ಒಟ್ಟಿಗೆ ಕೂಗುವುದರಿಂದ ಒಂದೂ ಸರಿಯಾಗಿ ಕೇಳುವುದಿಲ್ಲ. ಮುಹಮ್ಮದ್ ಆದಿಲ್ ಶಾ ಇಲ್ಲ, 1656 ಇಲ್ಲ, 44 ಮೀಟರ್ ಅಗಲದ ಗುಮ್ಮಟವೂ ಇಲ್ಲ. ಓದಿ ನಗು ಬಂತು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ರಜೆಯ ದಿನ ಮಧ್ಯಾಹ್ನ ಆ ಗುಮ್ಮಟದೊಳಗೆ ನಿಂತವರಿಗೆ ಅದು ಎಷ್ಟು ನಿಜ ಅಂತ ಗೊತ್ತು.

ನಾವು ದೊಡ್ಡವರು ಇಂಥ ಜಾಗಗಳಿಗೆ ಹೋಗುವ ರೀತಿಯಲ್ಲೇ ಪರೀಕ್ಷೆಯ ವಾಸನೆ ಇದೆ. ನಮ್ಮ ಕಾಲದ ಶಾಲಾ ಪ್ರವಾಸ ನೆನಪಿಸಿಕೊಳ್ಳಿ. ರಾತ್ರಿಯೆಲ್ಲ ಬಸ್ಸು, ಬೆಳಿಗ್ಗೆ ಯಾವುದೋ ಛತ್ರದಲ್ಲಿ ತಣ್ಣೀರಲ್ಲಿ ಮುಖ ತೊಳೆದು ಉಪ್ಪಿಟ್ಟು ತಿಂದು, ಸಾಲಾಗಿ ನಿಂತು ಮೇಷ್ಟ್ರು ಹೇಳಿದ್ದನ್ನು ನೋಟ್ಸ್ ಮಾಡಿಕೊಳ್ಳುವುದು. ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು, ಯಾವ ಶೈಲಿ. ಈಗ ನಮ್ಮದೇ ಕಾರು, ನಮ್ಮದೇ ದುಡ್ಡು, ಆದರೂ ಅಭ್ಯಾಸ ಬಿಟ್ಟಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಕು. 'ಮುಗಿಸುವುದು' ಅಂತಲೇ ಹೇಳುತ್ತೇವೆ ನೋಡಿ. ಎರಡನೇ ಗುಡಿಯ ಹೊತ್ತಿಗೆ ಮಕ್ಕಳು ನೆಲದ ಮೇಲೆ ಕೂತು ಜಲ್ಲಿಕಲ್ಲು ಆರಿಸಲು ಶುರು ಮಾಡುತ್ತಾರೆ. ನಾವು ಬೈಯುತ್ತೇವೆ. ಅವರು ಇನ್ನೂ ಗಟ್ಟಿಯಾಗಿ ಕೂರುತ್ತಾರೆ.

ನನಗೆ ಬೇರೆ ದಾರಿ ಇದೆ ಅಂತ ತೋರಿಸಿದ್ದು ಚಿತ್ರದುರ್ಗ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಚಿತ್ರದುರ್ಗದಲ್ಲಿ ನನ್ನ ಮಗನಿಗೆ ಆದ ಬಾಯಾರಿಕೆ.

ಆನೆ ಓಡಲಾರದ ದಾರಿ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವವರೆಲ್ಲ ದುರ್ಗವನ್ನು ಕಾರಿನ ಕಿಟಕಿಯಿಂದ ನೋಡಿರುತ್ತಾರೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಮಕ್ಕಳು ಎಣಿಸುತ್ತಾರೆ, ಅಷ್ಟರಲ್ಲಿ ಊರು ದಾಟಿರುತ್ತದೆ. ನಾವೂ ಎಷ್ಟೋ ವರ್ಷ ಹಾಗೇ ದಾಟಿದ್ದೆವು. ಆ ಸಲ ಅತ್ತೆ ಜೊತೆಗಿದ್ದರು. ಅವರ ತವರು ಹಿರಿಯೂರಿನ ಕಡೆ. ಹೈವೇ ಬಿಟ್ಟು ಒಳಗೆ ತಿರುಗಿಸು ಅಂತ ತಮ್ಮ ಮಗನಿಗೆ, ಅಂದರೆ ನಮ್ಮ ಮನೆಯವರಿಗೆ, ಹೇಳಿದ್ದು ಅವರೇ. ಕೋಟೆ ಬಾಗಿಲಿಗೆ ಬಂದ ಮೇಲೆ ಮಾತ್ರ, "ನೀವು ಹೋಗ್ ಬರ್ರಿ, ನಾ ಇಲ್ಲೇ ಕುಂತಿರ್ತೀನಿ, ಮಂಡಿ ಕೇಳಲ್ಲ" ಅಂದು ಮರದ ನೆರಳು ಹಿಡಿದರು. ಅಲ್ಲಿ ಆಗಲೇ ಬೇರೆ ಬೇರೆ ಊರಿನ ಅಜ್ಜಿಯರ ಒಂದು ಸಭೆ ಸೇರಿತ್ತು.

ಗೈಡ್ ಬೇಡ ಅಂದೆವು. ಗೈಡ್‌ಗಳ ಮೇಲೆ ಕೋಪವೇನಿಲ್ಲ. ದುರ್ಗದ ಗೈಡ್‌ಗಳು ಕಥೆ ಹೇಳುವುದರಲ್ಲಿ ಗಟ್ಟಿಗರು. ಆದರೆ ಒಂದನೇ ಕ್ಲಾಸಿನ ಹುಡುಗ ಒಂದು ಕಲ್ಲಿನ ಮುಂದೆ ಹತ್ತು ನಿಮಿಷ ನಿಂತರೆ ಗೈಡ್ ಕಾಯಲಾರ, ಅವನಿಗೆ ಮುಂದಿನ ಗಿರಾಕಿ ಇರುತ್ತಾನೆ.

ಏಳು ಸುತ್ತಿನ ಕೋಟೆ ಅಂದರೆ ಮಕ್ಕಳು ಏಳು ಗೋಡೆ ಎಣಿಸಲು ನೋಡುತ್ತಾರೆ, ಎಣಿಕೆ ತಪ್ಪುತ್ತದೆ, ಜಗಳ ಶುರುವಾಗುತ್ತದೆ. ಅದನ್ನು ಬಿಡಿಸಲು ನಾನು ಬಾಗಿಲಿನ ತಿರುವು ತೋರಿಸಿದೆ. ದಾರಿ ನೇರವಾಗಿಲ್ಲ, ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ಯಾಕೆ ಗೊತ್ತಾ, ಶತ್ರುಗಳ ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ. ಮಗ ನನ್ನ ಮುಖ ನೋಡಿದ. ನಂಬಿಕೆ ಬರಲಿಲ್ಲ. ಹಿಂದಕ್ಕೆ ಹೋಗಿ, ಬಲಗೈಯನ್ನು ಮೂಗಿಗೆ ಹಚ್ಚಿ ಸೊಂಡಿಲು ಮಾಡಿಕೊಂಡು, ಘೀಳಿಟ್ಟು ಓಡಿ ಬಂದ. ತಿರುವಿನಲ್ಲಿ ವೇಗ ತಡೆಯಲಾಗದೆ ಎದುರಿನ ಗೋಡೆಗೆ ಭುಜ ಒರಗಿಸಿ ನಿಂತ. ಮತ್ತೆ ಹೋದ, ಮತ್ತೆ ಬಂದ. ನಾಲ್ಕನೇ ಕ್ಲಾಸಿನ ಅಕ್ಕ ಮೊದಲು ನಾಚಿಕೊಂಡು ನಿಂತಿದ್ದಳು, ಆಮೇಲೆ ಅವಳೂ ಆನೆಯಾದಳು. ಕೆಳಗಿನಿಂದ ಹತ್ತಿ ಬರುತ್ತಿದ್ದ ಕಾಲೇಜು ಹುಡುಗರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. "ಆಗಲ್ಲಮ್ಮ, ಇಲ್ಲಿ ಜೋರಾಗಿ ಗುದ್ದಕ್ಕೆ ಆಗಲ್ಲ" ಅಂತ ಮಗ ತೀರ್ಪು ಕೊಟ್ಟ. ಕೋಟೆ ಕಟ್ಟಿದವನ ಲೆಕ್ಕ ಅವನ ಭುಜಕ್ಕೆ ಗೊತ್ತಾಗಿತ್ತು.

ಅಲ್ಲಿಂದ ಮುಂದೆ ಸಿಡಿಮದ್ದು ಬೀಸುವ ಕಲ್ಲುಗಳು. ನೆಲಕ್ಕಿಂತ ತಗ್ಗಿನಲ್ಲಿ, ಭಾರಿ ಗಾತ್ರದ ಗುಂಡು ಕಲ್ಲುಗಳು. ಆನೆಗಳನ್ನು ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ನಮ್ಮ ಮನೆಯವರು ಮೆಕ್ಯಾನಿಕಲ್ ಓದಿದವರು. ಗೇರು, ಹಲ್ಲು, ಟಾರ್ಕ್ ಅಂತ ಅವರೊಬ್ಬರೇ ಖುಷಿಯಾಗಿದ್ದರು. ಮಕ್ಕಳಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಮನಸ್ಸಿರಲಿಲ್ಲ. ಬಾಟಲಿಯ ನೀರು ಆನೆಯಾಟದಲ್ಲೇ ಮುಗಿದಿತ್ತು.

ತಣ್ಣೀರು ದೋಣಿ

"ಅಮ್ಮಾ, ಇಲ್ಲಿದ್ದೋರೆಲ್ಲ ನೀರಿಗೆ ಏನ್ ಮಾಡ್ತಿದ್ರು?"

ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಓಬವ್ವನ ಕಿಂಡಿಯ ದಾರಿಯಲ್ಲೇ ತಣ್ಣೀರು ದೋಣಿ ಇದೆ. ಬಂಡೆಗಳ ಸಂದಿನಲ್ಲಿ, ನೆರಳಲ್ಲಿ, ಒಂದಿಷ್ಟು ನೀರು. ದುರ್ಗದ ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು. ಕಲ್ಲು ಕಾದು ಹಂಚಾಗಿರುವಾಗಲೂ ಇಲ್ಲಿನ ನೀರು ತಣ್ಣಗಿರುತ್ತದೆ ಅಂತಲೇ ಆ ಹೆಸರು. ಮಗ ಬೆರಳು ಅದ್ದಿ ನೋಡಿ, ನಿಜ ಅಂದ. ಕುಡಿಯಲು ಬಿಡಲಿಲ್ಲ ಅಂತ ಸಿಟ್ಟು ಮಾಡಿಕೊಂಡ. ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿಗಳೂ ಚಿಪ್ಸ್ ಕವರ್‌ಗಳೂ ಬಿದ್ದಿದ್ದವು. ಹಾಕಿದವರಿಗೆ ಏನು ಹೇಳುವುದು?

ಅಲ್ಲಿಂದ ಕಿಂಡಿಗೆ ಹೆಚ್ಚು ದೂರವಿಲ್ಲ. ಓಬವ್ವನ ಕಥೆ ಕನ್ನಡದ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತದೆ. ಮಗಳು ಶಾಲೆಯಲ್ಲಿ ಆ ದಿನ ಓಬವ್ವನ ವೇಷ ಹಾಕಿದ್ದಳು. ಕಚ್ಚೆ ಸೀರೆ, ದೊಡ್ಡ ಕುಂಕುಮ, ಥರ್ಮಾಕೋಲಿನ ಒನಕೆ. ಅಲ್ಲಿಯವರೆಗೂ ಚಿಕ್ಕವನು ಒನಕೆ ಅಂದರೆ ಚಪಾತಿ ಲಟ್ಟಣಿಗೆ ಅಂದುಕೊಂಡಿದ್ದ. ಮಿಕ್ಸಿ ಮನೆಯಲ್ಲಿ ಹುಟ್ಟಿದ ಮಗು, ಅವನದೇನು ತಪ್ಪು?

ಆದರೂ ಕಿಂಡಿಯ ಮುಂದೆ ನಿಂತು ಕಥೆ ಹೇಳುವುದೇ ಬೇರೆ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಒಳಗೆ ಹೋಗುವ ದಾರಿ ಸಿಗುತ್ತಿಲ್ಲ. ಈ ಸಂದಿನಿಂದ ಒಬ್ಬ ಹೆಂಗಸು ಓಡಾಡಿದ್ದನ್ನು ಯಾರೋ ನೋಡಿದರು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಹೋಗಿದ್ದ. ಹೆಂಡತಿ ಓಬವ್ವ ಅವನಿಗೆ ಬಡಿಸಿ, ನೀರು ತರಲು ಬಂದಳು. ಪಿಸುಮಾತು ಕೇಳಿಸಿತು. ಓಡಿ ಹೋಗಿ ಒನಕೆ ತಂದಳು. ಒಬ್ಬೊಬ್ಬನೇ ತಲೆ ತೂರಿಸಿದಂತೆ... ಇಲ್ಲಿಗೆ ಬಂದಾಗ ನಾನು ಸ್ವಲ್ಪ ತಡವರಿಸಿದೆ. ರಕ್ತ, ಹೆಣ, ಎಷ್ಟು ಹೇಳುವುದು? ಮಕ್ಕಳಿಗೆ ಆ ಸಂಕೋಚ ಇರಲಿಲ್ಲ. ಮಗ ಕಿಂಡಿಯೊಳಗೆ ತಲೆ ತೂರಿಸಿ, "ಹೌದು, ಒಂದ್ಸಲಕ್ಕೆ ಒಬ್ರೇ" ಅಂತ ಒಳಗಿನಿಂದಲೇ ಕೂಗಿದ. ಮಗಳು ಮಾತ್ರ ಯೋಚನೆಯಲ್ಲಿದ್ದಳು.

"ಅವಳು ಗಂಡನ್ನ ಯಾಕೆ ಕರೀಲಿಲ್ಲ?"

"ಊಟಕ್ಕೆ ಕೂತಿದ್ದನಲ್ಲ. ಉಣ್ಣೋನನ್ನ ಎಬ್ಬಿಸಬಾರದು ಅಂತ ಕರೀಲಿಲ್ಲವಂತೆ."

"ಶತ್ರುಗಳು ಬಂದಿದಾರೆ ಅಂದ್ರೂ ಎಬ್ಬಿಸಬಾರದಾ?"

ನಮ್ಮ ಮನೆಯವರು ಬೇರೆ ಕಡೆ ನೋಡಿದರು. ಅವಳು ಅಷ್ಟಕ್ಕೆ ಬಿಡಲಿಲ್ಲ.

"ನೀರು ತರಕ್ಕೆ ಬಂದವಳು ಒನಕೆ ತರಕ್ಕೆ ಓಡಿದ್ಲು. ಹಾಗಾದ್ರೆ ಅವನಿಗೆ ನೀರು ಯಾರು ಕೊಟ್ರು?"

ನಾನು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒನಕೆ ಕಣ್ಣಿಗೆ ಕಟ್ಟಿದೆ, ಕೊಡ ಎಂದೂ ಕಟ್ಟಿರಲಿಲ್ಲ. ಕೊಡ ಎಲ್ಲಿ ಬಿಟ್ಟಳು? ತುಂಬಿತ್ತೋ ಖಾಲಿಯಿತ್ತೋ? ಅವನು ನೀರಿಗೆ ಕಾದು ಕಾದು ಎದ್ದು ಬಂದನೇ? ಕಥೆಯಲ್ಲಿ ಮುದ್ದಹನುಮ ಬಂದು ನೋಡುವಾಗ ಹೆಣಗಳ ನಡುವೆ ಹೆಂಡತಿ ನಿಂತಿದ್ದಳು, ಅವನು ಕಹಳೆ ಊದಿ ಎಲ್ಲರನ್ನೂ ಎಚ್ಚರಿಸಿದ, ಆಮೇಲೆ ಅವಳೂ ಉಳಿಯಲಿಲ್ಲ. ಅವನು ಊಟದಿಂದ ಎದ್ದದ್ದೇ ಗಂಟಲು ಒಣಗಿ ಇರಬಹುದು. ಇದು ನನ್ನ ಊಹೆ. ಮಗಳಿಗೆ ಇದು ಒಪ್ಪಿಗೆಯಾಯಿತು.

ಕೆಳಗೆ ಬಂದ ಮೇಲೆ ಅತ್ತೆಗೆ ಈ ಪ್ರಶ್ನೆ ಹೇಳಿದೆ. ಮಂಡಕ್ಕಿ ತಿನ್ನುತ್ತಿದ್ದವರು ನಿಲ್ಲಿಸಿದರು. "ನೋಡಮ್ಮ, ದಿನಾ ಕೊಡ ಹೊತ್ತು ತಿರುಗೋಳಿಗೆ ಆ ದಾರೀಲಿ ಯಾವ ಸದ್ದು ದಿನದ್ದು, ಯಾವುದು ಹೊಸದು ಅಂತ ಗೊತ್ತಿರತೈತಿ. ಬತೇರಿ ಮ್ಯಾಲೆ ಕುಂತೋನು ದೂರ ನೋಡತಾನೆ. ನೀರಿನ್ ತಾವ ಏನೈತಿ ಅಂತ ನೀರಿಗ್ ಹೋದೋಳಿಗೇ ಗೊತ್ತು." ಅವರು ಚಿಕ್ಕಂದಿನಲ್ಲಿ ಊರ ಹೊರಗಿನ ಬಾವಿಯಿಂದ ನೀರು ಹೊತ್ತವರು. ಬಾವಿ ಕಟ್ಟೆಯ ಮೇಲೆ ಯಾರ ಮಗಳು ಯಾರ ಜೊತೆ ಓಡಿ ಹೋಗುತ್ತಾಳೆ ಅನ್ನುವುದು ವಾರ ಮೊದಲೇ ಗೊತ್ತಾಗುತ್ತಿತ್ತಂತೆ. ಅದೂ ಒಂದು ಕಾವಲೇ ಅಲ್ವಾ?

ಮೇಲಿನದು ತುಂಬಿ ಕೆಳಗಿನದಕ್ಕೆ

ನಾನು ಮುಂದೆ ಬಂದುಬಿಟ್ಟೆ. ಕಿಂಡಿಯಾದ ಮೇಲೆ ನಾವು ಇನ್ನೂ ಹತ್ತಿದೆವು. ಏಕನಾಥೇಶ್ವರಿ ಗುಡಿ, ಉಯ್ಯಾಲೆ ಕಂಬ, ಹಿಡಿಂಬೇಶ್ವರ ಗುಡಿ. ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಅಂತ ದುರ್ಗದವರ ನಂಬಿಕೆ. ಸುತ್ತಲಿನ ಬಂಡೆಗಳನ್ನು ನೋಡಿದರೆ ಇಲ್ಲಿ ಯಾರೋ ರಾಕ್ಷಸರು ಗುದ್ದಾಡಿರಲೇಬೇಕು ಅನ್ನಿಸುತ್ತದೆ. ಇವನ್ನೆಲ್ಲ ಬೇಗ ಬೇಗ ದಾಟಿದೆವು. ಮಕ್ಕಳಿಗೆ ಈಗ ಒಂದೇ ಹಠ, ಇಡೀ ಕೋಟೆಗೆ ಸಾಕಾಗುವ ನೀರು ಎಲ್ಲಿ?

ಅದು ಇನ್ನೂ ಒಳಗಿದೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಮೇಲಿಂದ ಜಾರಿ ಮೇಲಿನ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಕೋಡಿ ಬಿದ್ದು ಕೆಳಗಿನ ಹೊಂಡಕ್ಕೆ. ಅದೂ ತುಂಬಿದರೆ ಬೆಟ್ಟ ಇಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಹನಿಯೂ ವ್ಯರ್ಥವಿಲ್ಲ. ಪಾಳೆಯಗಾರರು ಪಂಪು ಇಲ್ಲದೆ, ಪೈಪಿಲ್ಲದೆ, ಬೆಟ್ಟದ ಇಳಿಜಾರು ಒಂದನ್ನೇ ನಂಬಿ ಮಾಡಿದ ಕೆಲಸ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7000 ದಾಟುತ್ತದೆ. ಆಗುಂಬೆಯವನು ನೀರು ಹರಿದು ಹೋಗಲು ದಾರಿ ಮಾಡುತ್ತಾನೆ, ದುರ್ಗದವನು ನಿಲ್ಲಿಸಲು ದಾರಿ ಹುಡುಕುತ್ತಾನೆ.

ಮಗಳು ಹೊಂಡದ ದಂಡೆಯಲ್ಲಿ ಕೂತು ಕೇಳಿದಳು: ಕೆಳಗಿನ ಊರಿನವರಿಗೆ ನೀರು ಬೇಕೆಂದರೆ ಮೇಲಿನ ರಾಜನ ಹೊಂಡ ಮೊದಲು ತುಂಬಬೇಕು, ಅಲ್ವಾ? ಹೌದು. ಅದನ್ನು ನಾನು ಬಿಡಿಸಿ ಹೇಳಲು ಹೋಗಲಿಲ್ಲ. ಅವಳು ಅದನ್ನು ಇಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ. ಇಷ್ಟೊಂದು ಸಲ ಮುತ್ತಿಗೆ ಹಾಕಿದರೂ ಕೋಟೆ ಸುಲಭಕ್ಕೆ ಬೀಳದಿರಲು ಗೋಡೆಯಷ್ಟೇ ಈ ಹೊಂಡಗಳೂ ಕಾರಣ ಅಂತ ನನ್ನ ಲೆಕ್ಕ. ಒಳಗೆ ನೀರಿದ್ದರೆ ಹೊರಗಿನವನು ಎಷ್ಟು ತಿಂಗಳು ಕಾಯುತ್ತಾನೆ? 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ಕೊನೆಯ ಮದಕರಿ ನಾಯಕ ಸೆರೆಯಾದ. ಇದನ್ನು ಅಲ್ಲೇ ದಂಡೆಯ ಮೇಲೆ ಹೇಳಿದೆ. ಆ ದಿನ ನಾನು ಮಕ್ಕಳಿಗೆ ಹೇಳಿದ ಇಸವಿ ಇದೊಂದೇ. ಮಗಳಿಗೆ ಈಗಲೂ ನೆನಪಿದೆ, ಯಾಕೆಂದರೆ ಆಗ ಹೊಂಡದಲ್ಲಿ ಒಂದು ನೀರುಹಾವು ಕಾಣಿಸಿತ್ತು.

ಇಳಿಯುವಾಗ ಮಗ ಅಪ್ಪನ ಹೆಗಲೇರಿದ. ಅಜ್ಜಿಯ ಹತ್ತಿರ ಬಂದು ಕೋಡಿಯ ವರದಿ ಒಪ್ಪಿಸಿದ. ಕೋಡಿ ಅಂದದ್ದೇ ತಡ, ಅತ್ತೆಯ ಮಾತು ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಹೋಯಿತು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ವಾಣಿ ವಿಲಾಸ ಸಾಗರ, 1907ರದ್ದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಆಮೇಲೆ ಬಿದ್ದದ್ದು 2022ರಲ್ಲಿ. ಅತ್ತೆಯ ಅಪ್ಪ ಕೋಡಿ ನೋಡಿದ್ದರು, ಅತ್ತೆ ಇಡೀ ಬಾಲ್ಯ ಆ ಕಥೆ ಕೇಳಿ ಬೆಳೆದರು, ನೋಡಲು ಮುದುಕಿಯಾಗಬೇಕಾಯಿತು. 2022ರಲ್ಲಿ ಹಿರಿಯೂರಿಗೆ ಜಾತ್ರೆಗೆ ಬಂದ ಹಾಗೆ ಜನ ಬಂದಿದ್ದರಂತೆ. ಬಾಗಿನ, ಹೂವು, ಅಳು. ಕೇಳುತ್ತಾ ಕೂತ ಮಕ್ಕಳ ಮುಖ ನೋಡಬೇಕಿತ್ತು. ಅಜ್ಜಿಯೂ ಒಂದು ಇತಿಹಾಸ ಅನ್ನುವುದನ್ನು ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲವಲ್ಲ.

ಮಯೂರನ ಕೆರೆ

ಸಂಜೆಗೆ ಚಂದ್ರವಳ್ಳಿ. ಅಂಕಲಿ ಮಠದ ಗುಹೆಗಳು ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಕತ್ತಲು, ತಗ್ಗಿದ ಬಾಗಿಲು, ಒಂದು ಕೋಣೆಯಿಂದ ಇನ್ನೊಂದು ಕೋಣೆ. ಟಾರ್ಚ್ ಬೇಕೇ ಬೇಕು. ಉಸಿರುಗಟ್ಟುವ ಜಾಗಕ್ಕೆ ಹೆದರುವ ಮಕ್ಕಳಿದ್ದರೆ ಬಲವಂತ ಬೇಡ. ನಮ್ಮ ಮಗಳು ಅರ್ಧಕ್ಕೇ ವಾಪಸ್ ಬಂದಳು, ಚಿಕ್ಕವನನ್ನು ಹೊರಗೆ ತರುವುದೇ ಕಷ್ಟವಾಯಿತು.

ನನಗೆ ಬೇಕಾಗಿದ್ದದ್ದು ಹೊರಗಿತ್ತು. ಅಲ್ಲಿನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಪಲ್ಲವರನ್ನು, ಆಭೀರರನ್ನು, ಇನ್ನೂ ಯಾರು ಯಾರನ್ನೋ ಸೋಲಿಸಿದ ಮಯೂರಶರ್ಮ ಇಲ್ಲಿ ಮಾಡಿಸಿದ್ದೇನು ಅಂತ ಅದು ಹೇಳುತ್ತದೆ ಗೊತ್ತಾ? ಕೆರೆ. ಗೆದ್ದ ಪಟ್ಟಿಯನ್ನೆಲ್ಲ ಹೇಳಿಕೊಂಡು ಬರೆಸಿದ ಶಾಸನದ ಕೆಲಸ, ಈ ಕೆರೆ ನನ್ನದು ಅನ್ನುವುದು. ಬೆಳಿಗ್ಗೆಯಿಂದ ನೀರಿನ ಹಿಂದೆ ಅಲೆದಿದ್ದ ಮಕ್ಕಳಿಗೆ ಇದು ಆಶ್ಚರ್ಯವೇ ಅನ್ನಿಸಲಿಲ್ಲ. "ಮತ್ತೆ? ಇಲ್ಲಿ ಅದೇ ತಾನೇ ಮುಖ್ಯ" ಅನ್ನುವ ಹಾಗೆ ನೋಡಿದರು. ಇದೇ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು. ರೋಮಿನವರು ಇಲ್ಲಿಗೆ ಯಾಕೆ ಬಂದರು ಅಂತ ಮಗ ಕೇಳಿದ. ನಾಣ್ಯ ಬಂದರೆ ಮನುಷ್ಯರೇ ಬಂದಿರಬೇಕಿಲ್ಲ ಅಂತ ಅಪ್ಪ ವಿವರಿಸಲು ಶುರು ಮಾಡಿದರು. ಅಷ್ಟರಲ್ಲಿ ಒಂದು ಕೋತಿ ನಮ್ಮ ಬಿಸ್ಕತ್ ಪ್ಯಾಕೆಟ್ ಎತ್ತಿಕೊಂಡು ಹೋಯಿತು. ಅರ್ಥಶಾಸ್ತ್ರ ಅಲ್ಲಿಗೆ ನಿಂತಿತು.

ಹಡಗಿನವರು ಮತ್ತು ನಾವು

ಅದೇ ರಜೆಯಲ್ಲಿ ನನ್ನ ನಾದಿನಿಯ ಕುಟುಂಬ ಮುಂಬೈಯಿಂದ ಕ್ರೂಸ್‌ಗೆ ಹೋಗಿತ್ತು. ಫೋಟೊ ನೋಡಿದ ನನ್ನ ಮಕ್ಕಳಿಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಈಜುಕೊಳ, ಜಾರುಬಂಡೆ, ಯಾವಾಗ ಬೇಕಾದರೂ ಐಸ್‌ಕ್ರೀಮ್. ಕ್ರೂಸ್ ಎಂದರೆ ಮೂಗು ಮುರಿಯುವವರ ಪೈಕಿ ನಾನಲ್ಲ. ತಾಯಂದಿರಿಗೆ ಅಡುಗೆಯಿಲ್ಲ, ಪ್ಯಾಕಿಂಗ್ ಬಿಚ್ಚಿ ಕಟ್ಟುವ ಗೋಳಿಲ್ಲ, ಅಜ್ಜಿಗೆ ಲಿಫ್ಟ್ ಇದೆ. ಸುಸ್ತಾದ ಮನೆಗೆ ಅಂಥ ರಜೆ ಬೇಕು. ಆದರೆ ಅಲ್ಲಿ ಮಕ್ಕಳಿಗಾಗಿ ಎಲ್ಲವನ್ನೂ ಯಾರೋ ಮೊದಲೇ ಯೋಚಿಸಿಟ್ಟಿರುತ್ತಾರೆ. ಕೋಟೆಯಲ್ಲಿ ಮಕ್ಕಳ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಮೆಟ್ಟಿಲು ಎತ್ತರ, ನೆರಳು ಕಡಿಮೆ, ಆಟಿಕೆ ಇಲ್ಲ. ಹಾಗಾಗಿ ಅವರೇ ಯೋಚಿಸಬೇಕಾಗುತ್ತದೆ.

ನಾದಿನಿಯ ಮಗನಿಗೆ ನನ್ನ ಮಗಳು ಕೇಳಿದ ಮೊದಲ ಪ್ರಶ್ನೆ, ಹಡಗಲ್ಲಿ ಸ್ನಾನಕ್ಕೆ ನೀರು ಎಲ್ಲಿಂದ ಬರುತ್ತೆ ಅಂತ. ಅವನು ನಲ್ಲಿಯಿಂದ ಅಂದ. ಇಬ್ಬರೂ ಅಪ್ಪಂದಿರ ಹತ್ತಿರ ಹೋದರು. ದೊಡ್ಡ ಹಡಗುಗಳು ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿನೀರು ಮಾಡಿಕೊಳ್ಳುತ್ತವೆ ಅಂತ ಗೊತ್ತಾಯಿತು. ಐಸ್‌ಕ್ರೀಮಿಗಿಂತ ಅದು ದೊಡ್ಡ ವಿಷಯ ಅಂತ ಮಗಳಿಗೆ ಅನ್ನಿಸಿತು. ಮಗನಿಗೆ ಹಾಗೇನೂ ಅನ್ನಿಸಲಿಲ್ಲ.

ಈಗ ನಮ್ಮ ಪ್ರವಾಸದ ಪಟ್ಟಿ ಚಿಕ್ಕದಾಗಿದೆ. ಒಂದು ದಿನಕ್ಕೆ ಒಂದೇ ಜಾಗ, ಒಂದು ಜಾಗಕ್ಕೆ ಒಂದೇ ವಿಷಯ. ಹಂಪಿಗೆ ಹೋದಾಗ ಲೋಟಸ್ ಮಹಲ್ ಬಿಟ್ಟೆವು. ಕಪ್ಪು ಕಲ್ಲಿನ ಮೆಟ್ಟಿಲು ಪುಷ್ಕರಣಿಗೆ ಕಲ್ಲಿನ ಕಾಲುವೆ ಎಲ್ಲಿಂದ ಬರುತ್ತದೆ ಅಂತ ಹಿಂಬಾಲಿಸಿಕೊಂಡು ನಡೆದೆವು. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ಕೆತ್ತಿದ ಊಟದ ತಟ್ಟೆಗಳು, ಅದರಲ್ಲೇ ಪಲ್ಯಕ್ಕೆ ಸಾರಿಗೆ ಅಂತ ಪುಟ್ಟ ಗುಳಿಗಳು. ಮಕ್ಕಳು ಅಲ್ಲಿಂದ ಏಳಲೇ ಇಲ್ಲ. ಎಲೆ ಹರಿದು ಬಡಿಸಿದರು, ಕೈ ತೊಳೆಯುವ ನಟನೆ ಮಾಡಿದರು, ಯಾವ ಗುಳಿ ಉಪ್ಪಿನಕಾಯಿಗೆ ಅಂತ ಜಗಳವಾಡಿದರು. ವಿಠಲ ದೇವಸ್ಥಾನಕ್ಕೆ ಹೋಗುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು. ಐವತ್ತರ ನೋಟು ತೆಗೆದು ಕಲ್ಲಿನ ರಥ ತೋರಿಸಿದೆ, ಸಾಕಾಯಿತು.

ಕೇಳುವವರಿಗೆ ನಾನು ಹೇಳುವುದು ಸ್ವಲ್ಪವೇ. ದುರ್ಗಕ್ಕಾದರೆ ಮಳೆಗಾಲ ಮುಗಿದ ಮೇಲೆ ಹೋಗಿ, ಹೊಂಡಗಳಲ್ಲಿ ನೀರಿರುತ್ತದೆ. ಬೆಳಿಗ್ಗೆ ಬೇಗ ಹತ್ತಿ. ಚಪ್ಪಲಿ ಬೇಡ, ಶೂ ಹಾಕಿಸಿ, ಕೆಲವು ಬಂಡೆಗಳಲ್ಲಿ ಕಾಲಿಡಲು ಬರೀ ಗುಳಿ ಕಡೆದಿದ್ದಾರೆ. ಶೌಚಕ್ಕೆ ಕೆಳಗೇ ಹೋಗಿ ಬನ್ನಿ. ತಿಂಡಿಯನ್ನು ಬ್ಯಾಗಿನ ಒಳಗಿಡಿ, ಕೋತಿಗಳಿಗೆ ನಿಮ್ಮ ಜಿಪ್ ತೆಗೆಯುವುದೂ ಗೊತ್ತಿದೆ. ನೀರು ಮಾತ್ರ ಒಂದು ಬಾಟಲಿ ಜಾಸ್ತಿ ಇರಲಿ.

ಡಿಸೆಂಬರಿಗೆ ಬೀದರ್ ಅಂದುಕೊಂಡಿದ್ದೇವೆ. ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಇದೆ ಅಲ್ಲಿ, ನೌಬಾದ್‌ನಲ್ಲಿ. ನೆಲದೊಳಗೆ ಕಿಲೋಮೀಟರುಗಟ್ಟಲೆ ಸುರಂಗ, ಮಧ್ಯೆ ಮಧ್ಯೆ ಮೇಲಕ್ಕೆ ತೆರೆದ ಬಾವಿಗಳು. ಪರ್ಷಿಯಾದಿಂದ ಬಂದ ವಿದ್ಯೆ. ಮಗ ಸುರಂಗ ಎಂದ ಕೂಡಲೇ ಟಾರ್ಚ್‌ಗೆ ಸೆಲ್ ಹಾಕಿಸಿಕೊಂಡಿದ್ದಾನೆ. ಅತ್ತೆಯೂ ಬರುತ್ತಾರಂತೆ, ಆದರೆ ಮೆಟ್ಟಿಲು ಎಷ್ಟಿವೆ ಅಂತ ಮೊದಲು ವಿಚಾರಿಸಿ ಹೇಳು ಅಂದಿದ್ದಾರೆ. ಅದನ್ನು ಇನ್ನೂ ವಿಚಾರಿಸಬೇಕು.